ನಲವತ್ತಾರು ವರ್ಷಗಳ ಗಂಡಮ್ ಕಥೆಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಹತ್ತನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗ ಬೇಸಿಗೆ ರಜೆಯಲ್ಲಿ ಯೂನಿಕಾರ್ನ್ ಗಂಡಮ್ ಎಂಬ ರೋಬೋಟ್‌ನ ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸಿದ. ಈಗ ಅದರ ಕಥೆಯನ್ನು ನೋಡಬೇಕೆಂದು ಹಟ ಹಿಡಿದಿದ್ದಾನೆ. ಹುಡುಕಿದರೆ ಗಂಡಮ್ ಹೆಸರಿನ ಹತ್ತಾರು ಜಪಾನಿ ಅನಿಮೇಷನ್ ಸರಣಿಗಳು, ಹತ್ತಾರು ಚಿತ್ರಗಳು ಕಾಣುತ್ತವೆ. ಬಿಡುಗಡೆಯಾದ ವರ್ಷದ ಕ್ರಮದಲ್ಲಿ ನೋಡಿ ಎಂದು ಒಬ್ಬರು, ಕಥೆಯೊಳಗಿನ ಕಾಲದ ಕ್ರಮದಲ್ಲಿ ನೋಡಿ ಎಂದು ಇನ್ನೊಬ್ಬರು, ಸರಣಿಗಳನ್ನು ಬಿಟ್ಟು ಚಿತ್ರಗಳನ್ನಷ್ಟೇ ನೋಡಿದರೆ ಸಾಕೆಂದು ಮತ್ತೊಬ್ಬರು ಹೇಳುತ್ತಾರೆ. ನನಗೂ ಅವನ ಜೊತೆ ಕುಳಿತು ನೋಡುವ ಆಸೆಯಿದೆ. ಭಾನುವಾರ ಎರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲೆ. ಎಲ್ಲವನ್ನೂ ನೋಡಲೇಬೇಕೆ? ಯೂನಿಕಾರ್ನ್‌ನಿಂದಲೇ ಆರಂಭಿಸಿದರೆ ಆಗುವುದಿಲ್ಲವೆ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಿಡುಗಡೆಯಾದ ವರ್ಷದ ಕ್ರಮದಲ್ಲಿಯೇ ನೋಡಿ. ಆರಂಭಕ್ಕೆ 1979ರ ಮೂಲ ಸರಣಿ, ಇಲ್ಲವೇ ಅದನ್ನೇ ಕತ್ತರಿಸಿ ಜೋಡಿಸಿದ 1981 ಮತ್ತು 1982ರ ಮೂರು ಚಿತ್ರಗಳು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಯೂನಿಕಾರ್ನ್‌ನಿಂದ ಆರಂಭಿಸಬೇಡಿ. ಎಲ್ಲವನ್ನೂ ನೋಡುವ ಅಗತ್ಯ ಖಂಡಿತ ಇಲ್ಲ. ಆದರೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದು ಈ ಕಥೆ ಹೇಗೆ ಬೆಳೆಯಿತು ಎಂಬುದರ ಮೇಲೆ ನಿಂತಿರುವುದರಿಂದ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ನಿಮಗೆ ಕಂಡ ಹತ್ತಾರು ಸರಣಿಗಳು ಒಂದೇ ಕಥೆಯ ಭಾಗಗಳಲ್ಲ. ಗಂಡಮ್ ಎಂಬ ಹೆಸರಿನಡಿಯಲ್ಲಿ ಹಲವು ಪ್ರತ್ಯೇಕ ಲೋಕಗಳಿವೆ, ಪ್ರತಿಯೊಂದಕ್ಕೂ ಅದರದೇ ಕಾಲಗಣನೆಯಿದೆ. ನಮ್ಮ ಪಂಚಾಂಗದಲ್ಲಿ ಶಾಲಿವಾಹನ ಶಕೆ ಇರುವಂತೆ ಮೂಲ ಗಂಡಮ್ ಲೋಕದಲ್ಲಿ ಯೂನಿವರ್ಸಲ್ ಸೆಂಚುರಿ ಎಂಬ ಶಕೆಯಿದೆ. ಅಭಿಮಾನಿಗಳು ಅದನ್ನು ಚುಟುಕಾಗಿ ಯೂ.ಸಿ. ಎನ್ನುತ್ತಾರೆ. 1979ರ ಮೂಲ ಸರಣಿ, ಝೀಟಾ, ಡಬಲ್ ಝೀಟಾ, ನಿಮ್ಮ ಮಗನ ಯೂನಿಕಾರ್ನ್, ಹ್ಯಾಥವೇ ಇವೆಲ್ಲ ಯೂ.ಸಿ. ಲೋಕಕ್ಕೆ ಸೇರಿದವು. ವಿಂಗ್, ಸೀಡ್, ಡಬಲ್ ಓ, ಐರನ್ ಬ್ಲಡೆಡ್ ಆರ್ಫನ್ಸ್, ವಿಚ್ ಫ್ರಮ್ ಮರ್ಕ್ಯುರಿ ಮೊದಲಾದವು ಬೇರೆ ಬೇರೆ ಲೋಕಗಳ ಕಥೆಗಳು, ಅವುಗಳನ್ನು ನೋಡಲು ಯೂ.ಸಿ. ತಿಳಿದಿರಬೇಕಾಗಿಲ್ಲ. ಈ ವಿಭಜನೆಯನ್ನು ಒಪ್ಪಿಕೊಂಡ ಕ್ಷಣವೇ ನಿಮ್ಮ ಪಟ್ಟಿ ಅರ್ಧಕ್ಕರ್ಧ ಇಳಿಯುತ್ತದೆ.

ಮೂಲ ಸರಣಿ ನಾಗೋಯಾ ನಗರದ ದೂರದರ್ಶನ ವಾಹಿನಿಯಲ್ಲಿ 1979ರ ಏಪ್ರಿಲ್ 7ರಂದು ಆರಂಭವಾಯಿತು. ನಿರ್ದೇಶಕರು ಯೋಶಿಯುಕಿ ತೊಮಿನೊ, ಪಾತ್ರಗಳನ್ನು ಚಿತ್ರಿಸಿದವರು ಯೋಶಿಕಾಝು ಯಾಸುಹಿಕೊ, ಯಂತ್ರಗಳನ್ನು ರೂಪಿಸಿದವರು ಕುನಿಯೊ ಓಕಾವಾರಾ. ಆಗಿನ ಜಪಾನಿನಲ್ಲಿ ರೋಬೋಟ್ ಸರಣಿಗಳೆಂದರೆ ಆಟಿಕೆ ಕಂಪನಿಗಳ ಹಣದಲ್ಲಿ ತಯಾರಾಗುವ, ವಾರಕ್ಕೊಬ್ಬ ರಾಕ್ಷಸನನ್ನು ಸೋಲಿಸುವ ಮಕ್ಕಳ ಕಥೆಗಳು. ತೊಮಿನೊ ಅದೇ ಚೌಕಟ್ಟಿನೊಳಗೆ ಒಂದು ಯುದ್ಧದ ಕಥೆಯನ್ನು ತಂದರು. ಇಲ್ಲಿ ರೋಬೋಟ್ ದೇವರಲ್ಲ, ಆಯುಧ. ಅದಕ್ಕೆ ಮದ್ದುಗುಂಡು ಮುಗಿಯುತ್ತದೆ, ಕೈಕಾಲು ಮುರಿದರೆ ರಿಪೇರಿ ಮಾಡಬೇಕಾಗುತ್ತದೆ, ಶತ್ರುವಿನ ಬಳಿ ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾದ ಝಾಕು ಎಂಬ ಅದೇ ಬಗೆಯ ಯಂತ್ರಗಳಿವೆ. ಭೂಮಿಯ ಜನಸಂಖ್ಯೆ ಮಿತಿಮೀರಿ, ಹೆಚ್ಚಾದ ಜನರನ್ನು ಅಂತರಿಕ್ಷದಲ್ಲಿ ತೇಲುವ ಬೃಹತ್ ಕೊಳವೆಯಾಕಾರದ ವಸಾಹತುಗಳಿಗೆ ಸಾಗಿಸಲು ಆರಂಭಿಸಿ ಅರ್ಧ ಶತಮಾನ ಕಳೆದಿದೆ. ಅವುಗಳಲ್ಲಿ ಅತಿ ದೂರದ ಗುಂಪು ತನ್ನನ್ನು ಜಿಯೋನ್ ಸಂಸ್ಥಾನವೆಂದು ಕರೆದುಕೊಂಡು ಭೂಮಿಯ ಒಕ್ಕೂಟದ ಮೇಲೆ ಸ್ವಾತಂತ್ರ್ಯ ಸಮರ ಸಾರುತ್ತದೆ. ಒಂದು ಇಡೀ ವಸಾಹತನ್ನೇ ಭೂಮಿಯ ಮೇಲೆ ಬೀಳಿಸುವುದರಿಂದ ಹಿಡಿದು ನಾನಾ ಬಗೆಯ ಕ್ರೌರ್ಯದಲ್ಲಿ ಮನುಕುಲದ ಅರ್ಧ ಭಾಗ ಸತ್ತುಹೋದ ಮೇಲೆ, ಎರಡೂ ಕಡೆ ಬಸವಳಿದು ಕುಳಿತಿರುವ ಹೊತ್ತಿನಲ್ಲಿ, ಯೂ.ಸಿ. 0079ರಲ್ಲಿ ಕಥೆ ತೆರೆದುಕೊಳ್ಳುತ್ತದೆ. ಮಿನೋಫ್ಸ್ಕಿ ಕಣಗಳೆಂಬ ಕಲ್ಪನೆಯೊಂದನ್ನು ಇಲ್ಲಿ ಜಾಣತನದಿಂದ ಹೆಣೆದಿದ್ದಾರೆ: ಅವು ಹರಡಿದ ಕಡೆ ರಾಡಾರ್, ರೇಡಿಯೊ ಯಾವುದೂ ಸರಿಯಾಗಿ ಕೆಲಸ ಮಾಡುವುದಿಲ್ಲ, ಆದ್ದರಿಂದ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದೇ ಹೊಡೆದಾಡಬೇಕು, ಆದ್ದರಿಂದಲೇ ಮನುಷ್ಯಾಕಾರದ ಯಂತ್ರಗಳು ಬೇಕಾದವು.

ಮೊದಲ ಸಂಚಿಕೆಯನ್ನು ನಿಮ್ಮ ಮಗನಿಗೆ ತೋರಿಸುವಾಗ ಒಂದು ದೃಶ್ಯವನ್ನು ಗಮನಿಸಲು ಹೇಳಿ. ಅಮುರೊ ರೇ ಎಂಬ ಹದಿನೈದು ವರ್ಷದ ಹುಡುಗ ತನ್ನ ಕೋಣೆಯಲ್ಲಿ ಕಂಪ್ಯೂಟರ್ ಬಿಚ್ಚಿಕೊಂಡು ಕುಳಿತಿದ್ದಾನೆ. ಊರೆಲ್ಲ ಆಶ್ರಯತಾಣಕ್ಕೆ ಓಡಬೇಕೆಂಬ ಸೂಚನೆ ಬಂದಿರುವುದೂ ಅವನಿಗೆ ತಿಳಿದಿಲ್ಲ, ನೆರೆಯ ಹುಡುಗಿ ಫ್ರೌ ಬೋ ಬಂದು ಎಚ್ಚರಿಸಬೇಕಾಗುತ್ತದೆ. ದಾಳಿಯಲ್ಲಿ ಆ ಹುಡುಗಿಯ ತಾಯಿ ಮತ್ತು ಅಜ್ಜ ಅವಳ ಕಣ್ಣೆದುರೇ ಸಾಯುತ್ತಾರೆ. ಅಮುರೊ ಬಿದ್ದು ಸಿಕ್ಕಿದ ಕೈಪಿಡಿಯೊಂದನ್ನು ಹಿಡಿದು ಗಂಡಮ್ ಯಂತ್ರದೊಳಗೆ ಏರಿ, ಪುಟ ತಿರುವುತ್ತಲೇ ಅದನ್ನು ನಡೆಸಲು ಕಲಿಯುತ್ತಾನೆ. ಒಂದು ಝಾಕುವನ್ನು ಅವನು ಬೆಳಕಿನ ಕತ್ತಿಯಿಂದ ಸೀಳುತ್ತಾನೆ. ಹಿಂದಿನ ರೋಬೋಟ್ ಕಥೆಗಳಲ್ಲಾದರೆ ಅಲ್ಲಿಗೆ ಚಪ್ಪಾಳೆ. ಇಲ್ಲಿ ಝಾಕುವಿನೊಳಗಿನ ರಿಯಾಕ್ಟರ್ ಸಿಡಿದು ವಸಾಹತಿನ ಗೋಡೆಯಲ್ಲೇ ತೂತು ಬೀಳುತ್ತದೆ. ಆ ತೂತಿನಿಂದ ಗಾಳಿ ಹೊರನುಗ್ಗುವಾಗ ಸೆಳೆದುಕೊಂಡು ಹೋಗುವುದು ಗಂಡಮ್ ಯಂತ್ರವನ್ನು ನಿರ್ಮಿಸಿದ, ಅಮುರೊನ ಸ್ವಂತ ತಂದೆಯನ್ನು. ಆದ್ದರಿಂದ ಎರಡನೆಯ ಝಾಕು ಎದುರಾದಾಗ ಹುಡುಗ ಯೋಚಿಸುತ್ತಾನೆ, ರಿಯಾಕ್ಟರ್ ಸಿಡಿಯದಂತೆ ಚಾಲಕ ಕುಳಿತ ಜಾಗಕ್ಕಷ್ಟೇ ಕತ್ತಿ ಚುಚ್ಚಬೇಕು ಎಂದು. ಅಂದರೆ ಊರನ್ನು ಉಳಿಸಬೇಕಾದರೆ ಒಬ್ಬ ಮನುಷ್ಯನನ್ನು ಗುರಿಯಿಟ್ಟು ಕೊಲ್ಲಬೇಕು ಎಂಬುದನ್ನು ಅವನು ಮೊದಲ ದಿನವೇ ಲೆಕ್ಕ ಹಾಕಿ ತಿಳಿದುಕೊಳ್ಳುತ್ತಾನೆ. ಮುಂದಿನ ನಲವತ್ತಾರು ವರ್ಷಗಳ ಗಂಡಮ್ ಕಥೆಗಳೆಲ್ಲ ಈ ಲೆಕ್ಕದ ಸುತ್ತಲೇ ತಿರುಗುತ್ತವೆ ಎಂದು ನಾನು ನಂಬುತ್ತೇನೆ.

ಆ ಸರಣಿ ಆಗ ಗೆಲ್ಲಲಿಲ್ಲ. 52 ಸಂಚಿಕೆಗಳಿಗೆ ಯೋಜಿಸಿದ್ದನ್ನು 43ಕ್ಕೆ ಮೊಟಕುಗೊಳಿಸಿ 1980ರ ಜನವರಿಯಲ್ಲಿ ಮುಗಿಸಿದರು. ಮರುಪ್ರಸಾರಗಳು ಮತ್ತು 1980ರ ಜುಲೈನಲ್ಲಿ ಬಂಡಾಯ್ ಕಂಪನಿ ಮಾರುಕಟ್ಟೆಗೆ ತಂದ ಪ್ಲಾಸ್ಟಿಕ್ ಮಾದರಿಗಳು, ಅಂದರೆ ಇಂದು ಗನ್‌ಪ್ಲಾ ಎಂದು ಕರೆಯುವ ಕಿಟ್‌ಗಳು, ಅದನ್ನು ಮತ್ತೆ ಎತ್ತಿ ನಿಲ್ಲಿಸಿದವು. ಮೊದಲ ಗಂಡಮ್ ಕಿಟ್ 1/144ರ ಅಳತೆಯದು, ಬೆಲೆ 300 ಯೆನ್. ನಿಮ್ಮ ಮಗ ಮೇಜಿನ ಮೇಲೆ ಜೋಡಿಸಿಟ್ಟ ಯೂನಿಕಾರ್ನ್ ಆ ಪರಂಪರೆಯದೇ. 1981ರ ಫೆಬ್ರವರಿ 22ರಂದು, ಮೊದಲ ಚಿತ್ರದ ಬಿಡುಗಡೆಗೆ ಮುನ್ನ, ಟೋಕಿಯೊದ ಶಿಂಜುಕುವಿನಲ್ಲಿ ಸಾವಿರಾರು ಯುವಕ ಯುವತಿಯರು ಸೇರಿದ್ದರು. ಅನಿಮೆ, ಅಂದರೆ ಜಪಾನಿನ ಅನಿಮೇಷನ್, ಮಕ್ಕಳ ಆಟಿಕೆಯಷ್ಟೇ ಅಲ್ಲ, ತಮ್ಮ ಪೀಳಿಗೆಯ ಅಭಿವ್ಯಕ್ತಿ ಎಂದು ಸಾರಿದ ಘೋಷಣೆಯನ್ನು ಅಲ್ಲಿ ಓದಲಾಯಿತು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕಥೆಯೊಳಗಿನ ಕಾಲದ ಕ್ರಮದಲ್ಲಿ ಏಕೆ ನೋಡಬಾರದು? ಮೇಲುನೋಟಕ್ಕೆ ಅದೇ ಸಹಜವೆನಿಸುತ್ತದೆ, ನಾನೂ ಒಮ್ಮೆ ಹಾಗೆಯೇ ಮಾಡಿ ಕೆಟ್ಟೆ. ಪಟ್ಟಿಯೊಂದನ್ನು ಬರೆದುಕೊಂಡು ಯೂ.ಸಿ. 0068ರಿಂದ, ಅಂದರೆ ದಿ ಒರಿಜಿನ್ ಎಂಬ ಆರು ಭಾಗಗಳ ಸರಣಿಯಿಂದ, ಆರಂಭಿಸಿದೆ. ಅದು ಯಾಸುಹಿಕೊ ಅವರು 2001ರಿಂದ ಹತ್ತು ವರ್ಷ ಬರೆದ ಮಂಗಾ (ಜಪಾನಿ ಕಾಮಿಕ್ಸ್) ಕಥನದ ಒಂದು ಭಾಗವನ್ನು ಆಧರಿಸಿದ್ದು, 2015ರಿಂದ 2018ರವರೆಗೆ ಬಿಡುಗಡೆಯಾಯಿತು. ಚೆಲುವಾದ ಕೃತಿ, ಚಿತ್ರಣ ಹೊಸದು, ಕಣ್ಣಿಗೆ ಹಬ್ಬ. ಆದರೆ ಅದು ಮೂಲ ಸರಣಿಯ ಮುಖವಾಡಧಾರಿ ವೈರಿ ಶಾರ್ ಅಝ್ನಬಲ್‌ನ ಬಾಲ್ಯದಿಂದಲೇ ಆರಂಭವಾಗುತ್ತದೆ. ಅವನು ಯಾರು, ಕೆಂಪು ಉಡುಪು ತೊಟ್ಟು ತನ್ನದೇ ಪಕ್ಷದವರನ್ನು ಏಕೆ ವಂಚಿಸುತ್ತಾನೆ, ಎದುರು ಪಕ್ಷದ ಹಡಗಿನಲ್ಲಿರುವ ಒಬ್ಬಳನ್ನು ಕಂಡಾಗ ಏಕೆ ತಡವರಿಸುತ್ತಾನೆ ಎಂಬ ಗುಟ್ಟುಗಳನ್ನು 1979ರ ಸರಣಿ ವಾರವಾರಕ್ಕೂ ಒಂದೊಂದೇ ಎಳೆಯಾಗಿ ಬಿಡಿಸಿತ್ತು. ಒರಿಜಿನ್ ಅನ್ನು ಮೊದಲು ನೋಡಿದ ನನಗೆ ಆ ಯಾವ ಎಳೆಯೂ ಎಳೆಯಾಗಿ ಉಳಿಯಲಿಲ್ಲ. ಉತ್ತರವನ್ನು ಓದಿಕೊಂಡು ಆಮೇಲೆ ಒಗಟನ್ನು ಕೇಳಿಸಿಕೊಂಡಂತಾಯಿತು. ಆ ಅನುಭವವನ್ನು ಮರಳಿ ಪಡೆಯುವ ದಾರಿ ನನಗಿಲ್ಲ, ನಿಮಗೂ ನಿಮ್ಮ ಮಗನಿಗೂ ಇನ್ನೂ ಇದೆ.

ಇದಕ್ಕಿಂತ ಆಳವಾದ ಕಾರಣ ಇನ್ನೊಂದಿದೆ. ಗಂಡಮ್‌ನ ಒಳಗಿನ ಕಾಲಗಣನೆಯನ್ನು ಯಾರೂ ಮೊದಲೇ ನಕ್ಷೆ ಹಾಕಿಕೊಂಡು ಕಟ್ಟಲಿಲ್ಲ. ಒಂದು ಕಥೆ ಬಂತು, ಅದರ ಮುಂದಿನದು ಬಂತು, ಆಮೇಲೆ ಬಂದವರು ನಡುವಿನ ಖಾಲಿ ವರ್ಷಗಳನ್ನು ತುಂಬುತ್ತ ಹೋದರು. ಹೀಗೆ ತುಂಬಿದ ಕಥೆಗಳೆಲ್ಲ ಪ್ರೇಕ್ಷಕರು ಹಳೆಯದನ್ನು ನೋಡಿದ್ದಾರೆಂದು ನಂಬಿಯೇ ಮಾತನಾಡುತ್ತವೆ. ಜೊತೆಗೆ ತೊಮಿನೊ ಅವರ ಮನಸ್ಸೂ ಬದಲಾಗುತ್ತ ಹೋಯಿತು. 1979ರಲ್ಲಿ ಅವರು ಮನುಷ್ಯರು ಒಬ್ಬರನ್ನೊಬ್ಬರು ಮಾತಿಲ್ಲದೆಯೇ ಅರಿಯಬಲ್ಲರೆಂಬ ಆಸೆಯನ್ನು ನ್ಯೂಟೈಪ್ ಎಂಬ ಕಲ್ಪನೆಯಲ್ಲಿ ಮುಂದಿಟ್ಟರು. 1985ರ ಝೀಟಾದಲ್ಲಿ ಅದೇ ಶಕ್ತಿಯನ್ನು ಸೇನೆಗಳು ಪ್ರಯೋಗಶಾಲೆಯಲ್ಲಿ ತಯಾರಿಸಲು ಹೊರಟು ಮಕ್ಕಳ ಬದುಕನ್ನು ಹಾಳುಮಾಡುವುದನ್ನು ತೋರಿಸಿದರು. ಬಿಡುಗಡೆಯ ಕ್ರಮದಲ್ಲಿ ನೋಡಿದವರಿಗೆ ಯುದ್ಧದ ಇತಿಹಾಸದ ಜೊತೆಗೆ ಒಬ್ಬ ಕಲಾವಿದನ ಮನಸ್ಸಿನ ಇತಿಹಾಸವೂ ಸಿಗುತ್ತದೆ.

ಚಿತ್ರಗಳನ್ನಷ್ಟೇ ನೋಡಿದರೆ ಸಾಕೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಏಕೆಂದರೆ ಎಲ್ಲ ಸಂಕಲನ ಚಿತ್ರಗಳೂ ಒಂದೇ ಬಗೆಯವಲ್ಲ. 1981ರ ಮಾರ್ಚ್ ಮತ್ತು ಜುಲೈ ಹಾಗೂ 1982ರ ಮಾರ್ಚ್‌ನಲ್ಲಿ ಬಂದ ಮೊದಲ ಮೂರು ಚಿತ್ರಗಳು ಮೂಲ ಸರಣಿಗೆ ನಿಜವಾದ ಬದಲಿ. ಆಟಿಕೆ ಮಾರಾಟಕ್ಕಾಗಿ ಸೇರಿಸಿದ್ದ ಕೆಲವು ಯಂತ್ರಗಳನ್ನು, ವಾರದ ಹೊಡೆದಾಟಗಳನ್ನು ತೊಮಿನೊ ಇಲ್ಲಿ ತೆಗೆದುಹಾಕಿದರು. ಸರಣಿಯ ಕೊನೆಯ ಭಾಗದ ತಯಾರಿಯ ವೇಳೆ ಯಾಸುಹಿಕೊ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದರಿಂದ ಅಲ್ಲಿನ ಚಿತ್ರಣ ಸೊರಗಿತ್ತು. ಮೂರನೆಯ ಚಿತ್ರಕ್ಕೆ ಅವರು ಮರಳಿ ಬಂದು ಬಹಳಷ್ಟು ಭಾಗವನ್ನು ಹೊಸದಾಗಿ ಬಿಡಿಸಿದರು, ಅದು ಇಂದಿಗೂ ನೋಡಿದೊಡನೆ ತಿಳಿಯುತ್ತದೆ. ನೀವು ವಾರಕ್ಕೆ ಎರಡೇ ಗಂಟೆ ಬಿಡುವಿರುವವರು, ಆದ್ದರಿಂದ ನಿಮಗೆ ನಾನು ಸೂಚಿಸುವುದು ಈ ಮೂರು ಚಿತ್ರಗಳನ್ನೇ. ಸರಣಿಯ ಕೆಲವು ಬಿಡಿ ಸಂಚಿಕೆಗಳು ಮಾತ್ರ ಚಿತ್ರಗಳಲ್ಲಿ ಬಿಟ್ಟುಹೋಗಿವೆ. ಅವುಗಳಲ್ಲೊಂದು 15ನೆಯ ಸಂಚಿಕೆ, ಯುದ್ಧ ತೊರೆದು ಅನಾಥ ಮಕ್ಕಳೊಡನೆ ದ್ವೀಪವೊಂದರಲ್ಲಿ ಬಾಳುವ ಸೈನಿಕ ಕುಕುರುಸ್ ದೋವಾನ್‌ನ ಕಥೆ. ಚಿತ್ರಣ ತೀರ ಕಳಪೆಯೆಂದು ಹೆಸರಾಗಿದ್ದ ಆ ಅರ್ಧ ಗಂಟೆಯ ಸಂಚಿಕೆಯನ್ನು ಯಾಸುಹಿಕೊ ತಾವೇ ನಿರ್ದೇಶಿಸಿ 2022ರಲ್ಲಿ ಪೂರ್ಣ ಚಿತ್ರವಾಗಿಸಿದರು. ಮೂರು ಚಿತ್ರಗಳ ನಂತರ ಅದನ್ನು ಯಾವಾಗ ಬೇಕಾದರೂ ನೋಡಬಹುದು.

ಝೀಟಾದ ಮಾತು ಬೇರೆ. 50 ಸಂಚಿಕೆಗಳ ಆ ಸರಣಿಯನ್ನು ತೊಮಿನೊ ಇಪ್ಪತ್ತು ವರ್ಷಗಳ ನಂತರ, 2005 ಮತ್ತು 2006ರಲ್ಲಿ, ಮೂರು ಚಿತ್ರಗಳಾಗಿ ಜೋಡಿಸಿದರು. ಆಗ ಅವರ ದೃಷ್ಟಿಯೇ ಬದಲಾಗಿತ್ತು, ಹಾಗಾಗಿ ಮುಕ್ತಾಯವನ್ನು ಬದಲಿಸಿದರು. ಸರಣಿಯ ಕೊನೆಯಲ್ಲಿ ನಾಯಕ ಕಮೀಲ್‌ಗೆ ಒದಗುವ ಗತಿ ಚಿತ್ರದಲ್ಲಿ ಒದಗುವುದಿಲ್ಲ. ಮುಂದಿನ ಸರಣಿಯಾದ ಡಬಲ್ ಝೀಟಾ ಆರಂಭವಾಗುವುದೇ ಆ ಗತಿಯಿಂದ, ಆದ್ದರಿಂದ ಚಿತ್ರಗಳನ್ನು ನೋಡಿ ಮುಂದೆ ಹೋದವರಿಗೆ ಕೊಂಡಿ ಕಳಚುತ್ತದೆ. ಕನ್ನಡದ ಓದುಗರಿಗೆ ಇದು ಹೊಸ ಸಂಗತಿಯಲ್ಲ. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ, ಕುಮಾರವ್ಯಾಸನಲ್ಲಿ ಐವರ ಮಡದಿ. ಎರಡೂ ಭಾರತವೇ, ಎರಡಕ್ಕೂ ಅದರದೇ ಬೆಲೆಯಿದೆ, ಆದರೆ ಒಂದರ ಅರ್ಧಕ್ಕೆ ನಿಂತು ಇನ್ನೊಂದರ ಉಳಿದರ್ಧವನ್ನು ಓದಲಾಗದು. ಝೀಟಾ ಚಿತ್ರಗಳನ್ನು ಹಾಗೆಯೇ ಕಾಣಿ: ಸರಣಿ ಮುಗಿಸಿದ ಎಷ್ಟೋ ದಿನಗಳ ಮೇಲೆ, ಕವಿಯೊಬ್ಬ ತನ್ನ ಕಾವ್ಯವನ್ನು ಮುದಿವಯಸ್ಸಿನಲ್ಲಿ ತಿದ್ದಿದ್ದು ಹೇಗೆ ಎಂದು ನೋಡುವ ಕುತೂಹಲದಿಂದ.

ಆದ್ದರಿಂದ ಝೀಟಾವನ್ನು ಸರಣಿಯಾಗಿಯೇ ನೋಡಬೇಕು, ಮತ್ತು ನನ್ನ ತೀರ್ಮಾನದಲ್ಲಿ ಇಡೀ ಗಂಡಮ್ ಪರಂಪರೆಯ ಹೃದಯ ಅದೇ. ಯೂ.ಸಿ. 0087ರ ಈ ಕಥೆಯಲ್ಲಿ ಗೆದ್ದ ಒಕ್ಕೂಟವೇ ದಬ್ಬಾಳಿಕೆಗೆ ಇಳಿದಿದೆ. ಟೈಟನ್ಸ್ ಎಂಬ ಅದರ ವಿಶೇಷ ಪಡೆ ವಸಾಹತುಗಳ ಜನರನ್ನು ಹುಳುಗಳಂತೆ ಕಾಣುತ್ತದೆ. ಹಿಂದಿನ ವೀರ ಅಮುರೊ ಸರಕಾರದ ಕಣ್ಗಾವಲಿನಲ್ಲಿ ದೊಡ್ಡ ಬಂಗಲೆಯೊಂದರಲ್ಲಿ ಮುದುಡಿ ಕುಳಿತಿದ್ದಾನೆ. ಹಿಂದಿನ ವೈರಿ ಶಾರ್ ಹೆಸರು ಬದಲಿಸಿಕೊಂಡು, ಮುಖವಾಡದ ಬದಲು ಕಪ್ಪು ಕನ್ನಡಕ ಹಾಕಿಕೊಂಡು ಬಂಡಾಯಗಾರರ ಜೊತೆ ಹೋರಾಡುತ್ತಿದ್ದಾನೆ. ಹಿಂದಿನ ಸರಣಿಯನ್ನು ನೋಡಿದವರಿಗೆ ಇವರಿಬ್ಬರ ಭೇಟಿಯಲ್ಲಿ ಆಗುವ ಎದೆಬಡಿತ ನೋಡದವರಿಗೆ ಆಗಲಾರದು. ಇದರ ವೇಗ ಮೊದಲಿಗೆ ಕಷ್ಟ ಕೊಡುತ್ತದೆ, ಪಕ್ಷಗಳು, ಹೆಸರುಗಳು, ಹಡಗುಗಳು ಒಟ್ಟೊಟ್ಟಿಗೆ ಬರುತ್ತವೆ. ಮೊದಲ ಹತ್ತು ಸಂಚಿಕೆಗಳವರೆಗೆ ತಾಳ್ಮೆ ಇರಲಿ.

ಡಬಲ್ ಝೀಟಾ 47 ಸಂಚಿಕೆಗಳದು, 1986ರ ಮಾರ್ಚ್‌ನಿಂದ 1987ರ ಜನವರಿಯವರೆಗೆ ಪ್ರಸಾರವಾಯಿತು. ಝೀಟಾದ ಕತ್ತಲೆಯ ನಂತರ ಇದು ಗುಜರಿ ಆಯ್ದು ಬದುಕುವ ಹುಡುಗರ ಹಾಸ್ಯದಿಂದ ಆರಂಭವಾಗುತ್ತದೆ, ನಡುವೆ ಮತ್ತೆ ಗಂಭೀರವಾಗುತ್ತದೆ. ಮೊದಲ ಸಂಚಿಕೆ ಹಿಂದಿನ ಕಥೆಯ ಸಾರಾಂಶವಷ್ಟೇ, ಅದನ್ನು ದಾಟಿಸಿಬಿಡಬಹುದು. ಸರಣಿಯನ್ನೇ ಬಿಟ್ಟುಬಿಡಿ ಎಂದು ಹೇಳುವವರು ಬಹಳ ಜನ. ನಾನು ಹಾಗೆ ಹೇಳುವುದಿಲ್ಲ, ಏಕೆಂದರೆ ಯೂನಿಕಾರ್ನ್ ಕಥೆಯ ಅತಿ ನೋವಿನ ಪಾತ್ರವೊಂದರ ಬೇರು ಇಲ್ಲಿಯೇ ಇದೆ. ಇದರ ನಂತರ 1988ರ ಮಾರ್ಚ್ 12ರಂದು ಬಂದ ಶಾರ್ಸ್ ಕೌಂಟರ್‌ಅಟ್ಯಾಕ್ ಎಂಬ ಎರಡು ಗಂಟೆಯ ಚಿತ್ರ. ಹಳೆಯ ಸಂಚಿಕೆಗಳನ್ನು ಜೋಡಿಸದೆ ಚಿತ್ರಮಂದಿರಕ್ಕೆಂದೇ ಬರೆದ ಮೊದಲ ಗಂಡಮ್ ಕಥೆ ಇದು. ಅಮುರೊ ಮತ್ತು ಶಾರ್ ಇಬ್ಬರ ಹದಿನಾಲ್ಕು ವರ್ಷಗಳ ಲೆಕ್ಕ ಇಲ್ಲಿ ತೀರುತ್ತದೆ. ಇಬ್ಬರ ಜಗಳದ ಮೂಲದಲ್ಲಿರುವವಳು ಮೂಲ ಸರಣಿಯ ಲಾಲಾ ಸೂನ್. ಹಣೆಯ ಮೇಲೆ ಬಿಂದಿ ಇಟ್ಟ ಆ ಹುಡುಗಿಯನ್ನು ಕಂಡಾಗ ನಮ್ಮ ಕಡೆಯ ಪ್ರೇಕ್ಷಕರಿಗೆ ತಟ್ಟನೆ ಒಂದು ಆಪ್ತಭಾವ ಮೂಡುತ್ತದೆ. ಅವಳು ತೆರೆಯ ಮೇಲೆ ಇರುವುದು ಕೆಲವೇ ಸಂಚಿಕೆ, ಆದರೆ ಅವಳ ನೆನಪು ಯೂ.ಸಿ.ಯ ಕೊನೆಯವರೆಗೂ ಯಾರನ್ನೂ ಬಿಡುವುದಿಲ್ಲ.

ಈ ಮುಖ್ಯ ಹಾದಿಯ ಬದಿಯಲ್ಲಿ ಕೆಲವು ಉಪಕಥೆಗಳಿವೆ. ಅವುಗಳಲ್ಲಿ ಒಂದನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ: 1989ರಲ್ಲಿ ಬಂದ ವಾರ್ ಇನ್ ದಿ ಪಾಕೆಟ್, ಆರೇ ಸಂಚಿಕೆ. ತೊಮಿನೊ ಅಲ್ಲದೆ ಬೇರೊಬ್ಬರು, ಫುಮಿಹಿಕೊ ತಕಯಾಮ, ನಿರ್ದೇಶಿಸಿದ ಮೊದಲ ಗಂಡಮ್ ಕೃತಿಗಳಲ್ಲಿ ಇದೂ ಒಂದು. ಯುದ್ಧದಿಂದ ದೂರವಿರುವ ತಟಸ್ಥ ವಸಾಹತಿನಲ್ಲಿ ಆಲ್ ಎಂಬ ಶಾಲೆಯ ಹುಡುಗನಿದ್ದಾನೆ. ಅವನಿಗೂ ಅವನ ಗೆಳೆಯರಿಗೂ ಯುದ್ಧವೆಂದರೆ ಯಾವ ಯಂತ್ರ ಹೆಚ್ಚು ಬಲಶಾಲಿ ಎಂಬ ಚರ್ಚೆ, ಯಾರ ಬಳಿ ನಿಜವಾದ ಸೇನೆಯ ಬಿಲ್ಲೆ ಇದೆ ಎಂಬ ಜಂಭ. ಒಂದು ದಿನ ಅವರ ಊರಿನ ಕಾಡಿಗೇ ಝಾಕುವೊಂದು ಬಂದು ಬೀಳುತ್ತದೆ. ಹುಡುಗ ತಪ್ಪಿಸಿಕೊಂಡು ಓಡುವುದಿಲ್ಲ, ಕ್ಯಾಮೆರಾ ಹಿಡಿದು ಅದರತ್ತಲೇ ಓಡುತ್ತಾನೆ. ಯಂತ್ರದಿಂದ ಇಳಿದ ಎಳೆಯ ಚಾಲಕ ಬರ್ನಿ ಆ ಚಿತ್ರೀಕರಣದ ಡಿಸ್ಕನ್ನು ಕೇಳಿ ಪಡೆದು, ಬದಲಿಗೆ ತನ್ನ ಸಮವಸ್ತ್ರದ ಬಿಲ್ಲೆಯನ್ನು ಕಿತ್ತು ಹುಡುಗನ ಕೈಗಿಡುತ್ತಾನೆ. ಆಲ್‌ನ ಮುಖದಲ್ಲಿ ಆಗ ಕಾಣುವ ಹಿಗ್ಗು ನಿಮ್ಮ ಮಗ ಕಿಟ್‌ನ ಕೊನೆಯ ತುಂಡನ್ನು ಒತ್ತಿ ಕೂರಿಸಿದಾಗ ಪಟ್ಟ ಹಿಗ್ಗೇ ಆಗಿರಬಹುದು. ಉಳಿದ ಸಂಚಿಕೆಗಳು ಆ ಹಿಗ್ಗನ್ನು ಏನು ಮಾಡುತ್ತವೆ ಎಂಬುದನ್ನು ಇಲ್ಲಿ ಹೇಳಿಬಿಟ್ಟರೆ ನಿಮಗೆ ದ್ರೋಹವಾಗುತ್ತದೆ. ಮೂಲ ಚಿತ್ರಗಳ ನಂತರ ಇದನ್ನು ತಂದೆ ಮಗ ಜೊತೆಯಾಗಿಯೇ ನೋಡಿ, ಮುಗಿದ ಮೇಲೆ ಕೂಡಲೇ ಬೇರೇನನ್ನೂ ಹಾಕಬೇಡಿ.

ಸ್ಟಾರ್‌ಡಸ್ಟ್ ಮೆಮೊರಿ (1991–92) ಮತ್ತು ಆಗ್ನೇಯ ಏಷ್ಯಾದ ಕಾಡುಗಳಲ್ಲಿ ನಡೆಯುವ 08ನೇ ಎಂ.ಎಸ್. ಟೀಮ್ (1996–99) ಸೊಗಸಾಗಿ ಬಿಡಿಸಿದ ಉಪಕಥೆಗಳು. ನೋಡಿದರೆ ಸಂತೋಷ, ನೋಡದಿದ್ದರೆ ಕಥೆಯ ದಾರಿ ತಪ್ಪುವುದಿಲ್ಲ. ಸ್ಟಾರ್‌ಡಸ್ಟ್ ಮೆಮೊರಿ ಟೈಟನ್ಸ್ ಪಡೆ ಹುಟ್ಟಿದ ಸಂದರ್ಭವನ್ನು ಹೇಳುವುದರಿಂದ ಝೀಟಾಕ್ಕೆ ಮುಂಚೆ ನೋಡಬೇಕೆಂದು ಕೆಲವರ ವಾದ. ಝೀಟಾದ ನಂತರವೇ ನೋಡಿ, ಫಲ ತಿಳಿದವರಿಗೇ ಬೀಜದ ಬೆಲೆ ತಿಳಿಯುತ್ತದೆ.

ಇನ್ನು ಯೂನಿಕಾರ್ನ್. ಹರುತೋಶಿ ಫುಕುಯಿ ಅವರ ಕಾದಂಬರಿಯನ್ನು ಆಧರಿಸಿ 2010ರಿಂದ 2014ರವರೆಗೆ ಏಳು ಭಾಗಗಳಲ್ಲಿ ಬಂದ ಇದರ ಕಥೆ ಯೂ.ಸಿ. 0096ರದು, ಶಾರ್ಸ್ ಕೌಂಟರ್‌ಅಟ್ಯಾಕ್ ಆದ ಮೂರು ವರ್ಷಕ್ಕೆ. ನಿಮ್ಮ ಮಗನ ಮಾದರಿಯನ್ನೇ ಕೈಗೆತ್ತಿಕೊಳ್ಳಿ. ಅದರ ಹಣೆಯ ಒಂಟಿ ಕೊಂಬು ಎರಡಾಗಿ ಸೀಳಿಕೊಂಡು, ಬಿಳಿ ಕವಚದ ಸಂದುಗಳು ತೆರೆದು ಒಳಗಿನ ಕೆಂಪು ಚೌಕಟ್ಟು ಹೊರಕಾಣುತ್ತದೆಯಲ್ಲ, ಆ ಚೌಕಟ್ಟಿನ ಹೆಸರು ಸೈಕೋಫ್ರೇಮ್. ಅದು ಏನು, ಅದಕ್ಕೆ ಏಕೆ ಜನ ಅಷ್ಟು ಹೆದರುತ್ತಾರೆ, ಏಕೆ ಅಷ್ಟು ನಂಬುತ್ತಾರೆ ಎಂಬುದು 1988ರ ಚಿತ್ರದ ಕೊನೆಯ ಇಪ್ಪತ್ತು ನಿಮಿಷಗಳನ್ನು ನೋಡಿದವರಿಗೆ ಮಾತ್ರ ಮನಸ್ಸಿಗಿಳಿಯುತ್ತದೆ. ಯೂನಿಕಾರ್ನ್‌ನಿಂದಲೇ ಆರಂಭಿಸಿದರೂ ಅವನಿಗೆ ಹೊಡೆದಾಟಗಳು ರುಚಿಸುತ್ತವೆ, ಚಿತ್ರಣವಂತೂ ಬೆರಗು ಹುಟ್ಟಿಸುತ್ತದೆ. ಆದರೆ ಪಾತ್ರಗಳು ಯಾರನ್ನು ನೆನೆದು ಅಳುತ್ತಿವೆ ಎಂಬುದು ತಿಳಿಯದೆ ಉಳಿಯುತ್ತದೆ. ಟೋಕಿಯೊದ ಒದಾಯ್ಬಾದಲ್ಲಿ 2017ರಲ್ಲಿ ಇದೇ ಯೂನಿಕಾರ್ನ್‌ನ 19.7 ಮೀಟರ್ ಎತ್ತರದ ನಿಜಗಾತ್ರದ ಪ್ರತಿಮೆಯನ್ನು ನಿಲ್ಲಿಸಿದರು, ಅದೂ ಕೊಂಬು ಸೀಳಿ ರೂಪ ಬದಲಿಸುವಂಥದು. ಆ ಸಂಗತಿಯನ್ನು ಮಗನಿಗೆ ಹೇಳಿದರೆ ಕಾಯುವ ಹುರುಪು ಹೆಚ್ಚಬಹುದು.

ಯೂನಿಕಾರ್ನ್ ಮುಗಿದ ಮೇಲೆ 2018ರ ನ್ಯಾರೇಟಿವ್ ಚಿತ್ರ ಅದರ ಬಾಲಂಗೋಚಿ, ಬಿಟ್ಟರೂ ನಷ್ಟವಿಲ್ಲ. 2021ರ ಹ್ಯಾಥವೇ ಚಿತ್ರವನ್ನು ಬಿಡಬೇಡಿ. ಮೂರು ಭಾಗಗಳಾಗಿ ಯೋಜಿಸಿದ ಕಥೆಯ ಮೊದಲನೆಯದು ಇದು. ಮೂಲ ಸರಣಿಯಲ್ಲಿ ಅಮುರೊ ಇದ್ದ ಹಡಗಿನ ಕ್ಯಾಪ್ಟನ್ ಬ್ರೈಟ್ ನೋವಾನ ಮಗ ಯೂ.ಸಿ. 0105ರಲ್ಲಿ ಸರಕಾರದ ಮಂತ್ರಿಗಳನ್ನು ಕೊಲ್ಲುವ ಸಂಘಟನೆಯ ನಾಯಕನಾಗಿದ್ದಾನೆ. ನಗರದ ನಡುವೆ ರಾತ್ರಿ ನಡೆಯುವ ಕಾಳಗವನ್ನು ಇಲ್ಲಿ ಹೆಚ್ಚಾಗಿ ಯಂತ್ರದೊಳಗಿನಿಂದ ತೋರಿಸುವುದಿಲ್ಲ, ಕರಗಿದ ಲೋಹದ ಕಿಡಿಗಳು ಮಳೆಯಂತೆ ಸುರಿಯುವಾಗ ಬೀದಿಯಲ್ಲಿ ಓಡುವ ಮನುಷ್ಯರ ಎತ್ತರದಿಂದ ತೋರಿಸುತ್ತಾರೆ. ಮೊದಲ ಸಂಚಿಕೆಯಲ್ಲಿ ಫ್ರೌ ಬೋ ನಿಂತಿದ್ದ ಜಾಗವೇ ಅದು. ಎಫ್91 (1991) ಮತ್ತು ವಿಕ್ಟರಿ (1993–94) ಇನ್ನೂ ಮುಂದಿನ ಕಾಲದ, ಹೊಸ ಪಾತ್ರಗಳ ಕಥೆಗಳು. ವಿಕ್ಟರಿಯಲ್ಲಿ ಸಾವುಗಳು ಬಹಳ, ಕ್ರೂರವೂ ಹೌದು. ಅದನ್ನು ನಿಮ್ಮ ಮಗ ಇನ್ನೂ ನಾಲ್ಕು ವರ್ಷ ಬಿಟ್ಟು ನೋಡಲಿ.

ಬೇರೆ ಲೋಕಗಳ ಕಥೆಗಳ ಬಗ್ಗೆ ಹೆಚ್ಚು ಹೇಳಲು ಹೋಗುವುದಿಲ್ಲ. ಅವುಗಳಲ್ಲಿ ನಿಯಮ ಸರಳ: ಒಂದೊಂದು ಲೋಕವನ್ನು ಅದರ ಮೊದಲ ಸರಣಿಯಿಂದ ಹಿಡಿದು ಕೊನೆಯವರೆಗೆ ನೋಡಿ. 2024ರ ಸೀಡ್ ಫ್ರೀಡಮ್ ಚಿತ್ರಕ್ಕೆ ಮೊದಲು ಸೀಡ್ ಮತ್ತು ಸೀಡ್ ಡೆಸ್ಟಿನಿ ಎಂಬ ತಲಾ 50 ಸಂಚಿಕೆಗಳ ಎರಡೂ ಸರಣಿ ಬೇಕು. ಡಬಲ್ ಓ ಚಿತ್ರಕ್ಕೆ ಅದರ ಎರಡೂ ಋತುಗಳು ಬೇಕು. ಮನೆಯಲ್ಲಿ ಬೇರೆ ಮಕ್ಕಳೂ ಇದ್ದು, ಚಿಕ್ಕದಾಗಿ ರುಚಿ ನೋಡಬೇಕೆಂದರೆ 2022ರ ವಿಚ್ ಫ್ರಮ್ ಮರ್ಕ್ಯುರಿ ಒಳ್ಳೆಯದು, 24 ಸಂಚಿಕೆಗಳು ಮತ್ತು ಒಂದು ಪೂರ್ವಕಥೆ, ನಾಯಕಿ ಒಬ್ಬ ಹುಡುಗಿ, ಹಿಂದಿನದೇನೂ ತಿಳಿದಿರಬೇಕಾಗಿಲ್ಲ. ಈ ಎಲ್ಲ ಲೋಕಗಳನ್ನೂ ಒಂದೇ ದೂರದ ಭವಿಷ್ಯದ ಮರೆತುಹೋದ ಗತಕಾಲವಾಗಿ ಕಾಣುವ ಟರ್ನ್ ಎ (1999–2000) ತೊಮಿನೊ ಅವರದೇ ಕೃತಿ, ಬಹಳ ಸೌಮ್ಯವಾದದ್ದು. ಆ ಗತಕಾಲವನ್ನು ಅದರಲ್ಲಿ ಕುರೊರೆಕಿಶಿ, ಅಂದರೆ ಕಪ್ಪು ಇತಿಹಾಸ, ಎಂದು ಕರೆಯುತ್ತಾರೆ. ಆ ಮಾತು ಈಗ ಜಪಾನಿಯರ ದಿನದ ಮಾತಿಗೇ ಸೇರಿಹೋಗಿದೆ, ಮರೆಯಬೇಕೆನಿಸುವ ತಮ್ಮ ಹಳೆಯ ನಾಚಿಕೆಗಳನ್ನು ಅವರು ಹಾಗೆಂದೇ ಕರೆಯುತ್ತಾರೆ. ಇದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ.

2025ರಲ್ಲಿ ಬಂದ ಜೀಕ್ವಾಕ್ಸ್ ಸರಣಿ ಹೊಸದಾದ್ದರಿಂದ ಅದೇ ಸುಲಭದ ಬಾಗಿಲು ಎಂದು ಬಹಳ ಜನ ತಿಳಿದಿದ್ದಾರೆ. 12 ಸಂಚಿಕೆಗಳು, ಕಝುಯಾ ತ್ಸುರುಮಕಿ ನಿರ್ದೇಶನ, ಚಿತ್ರಣವೂ ಅತ್ಯಾಧುನಿಕ. ಆದರೆ ಅದರ ಕಥೆಯ ತಳಹದಿಯೇ ಒಂದು ಊಹೆ: ಮೊದಲ ದಿನ ಆ ಬಿಳಿ ಯಂತ್ರದೊಳಗೆ ಅಮುರೊ ಏರದೆ ಶಾರ್ ಏರಿದ್ದರೆ? ಮೊದಲ ದಿನ ನಿಜಕ್ಕೂ ಏನಾಯಿತೆಂದು ಕಂಡವರಿಗಷ್ಟೇ ಈ ಪ್ರಶ್ನೆಯ ರೋಮಾಂಚನ ದಕ್ಕುತ್ತದೆ.

ಎಲ್ಲವನ್ನೂ ಜಪಾನಿ ಧ್ವನಿಯಲ್ಲಿ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿ. ಅಮುರೊಗೆ ತೋರು ಫುರುಯಾ, ಶಾರ್‌ಗೆ ಶೂಯಿಚಿ ಇಕೇದಾ 1979ರಲ್ಲಿ ಕೊಟ್ಟ ಧ್ವನಿಯೇ 1988ರ ಚಿತ್ರದಲ್ಲೂ ಇದೆ, ಪಾತ್ರಗಳಿಗೆ ವಯಸ್ಸಾದದ್ದನ್ನು ಕಿವಿಯಲ್ಲೇ ಗುರುತಿಸಬಹುದು. ನಡುವೆ ಮಗನಿಗೆ ಹೆಸರುಗಳು ಗೊಂದಲವಾದರೆ ನೋಟ್‌ಬುಕ್ಕಿನಲ್ಲಿ ಎರಡು ಪಕ್ಷಗಳ ಪಟ್ಟಿ ಬರೆದಿಡಲಿ. ಅಂತರ್ಜಾಲದ ಪಾತ್ರಪರಿಚಯ ಪುಟಗಳನ್ನು ತೆರೆಯುವುದು ಬೇಡ, ಅಲ್ಲಿ ಮೊದಲ ಸಾಲಿನಲ್ಲೇ ಯಾರು ಯಾವಾಗ ಸಾಯುತ್ತಾರೆಂದು ಬರೆದಿರುತ್ತದೆ.

ಕೊನೆಯದಾಗಿ, ಉಪಕಥೆಗಳನ್ನು ಬಿಟ್ಟು, ನಿಮ್ಮ ಭಾನುವಾರಗಳ ಲೆಕ್ಕ. ಮೂರು ಚಿತ್ರಗಳು ಸುಮಾರು 7 ಗಂಟೆ, ಝೀಟಾ 20 ಗಂಟೆ, ಡಬಲ್ ಝೀಟಾ 19 ಗಂಟೆ, 1988ರ ಚಿತ್ರ 2 ಗಂಟೆ. ಒಟ್ಟು 48 ಗಂಟೆ, ಅಂದರೆ 24 ಭಾನುವಾರ. ಈ ವಾರ ಮೊದಲ ಚಿತ್ರ ಹಾಕಿದರೆ 25ನೆಯ ಭಾನುವಾರ ಯೂನಿಕಾರ್ನ್‌ನ ಮೊದಲ ಭಾಗ. ನಡುವೆ ಅವನಿಗೆ ಪರೀಕ್ಷೆ ಬರುತ್ತದೆ, ಆಗ ಝೀಟಾದ ಕೊನೆಯ ಹತ್ತು ಸಂಚಿಕೆಗಳ ನಡುವೆ ಇರದಂತೆ ಮಾತ್ರ ನೋಡಿಕೊಳ್ಳಿ, ಅಲ್ಲಿ ನಿಲ್ಲಿಸಿ ಪುಸ್ತಕ ಹಿಡಿಯುವುದು ಯಾವ ವಿದ್ಯಾರ್ಥಿಗೂ ಸಾಧ್ಯವಾಗಲಾರದು.